ಚಂದ್ರಗಿರಿ ಹೊಳೆಯಲ್ಲಿದ್ದ ಹಳೆ ಹಾಯಿದೋಣಿ: ಕೊಳ್ಳುವ ಮೊದಲು ಒಡಲು ಪರೀಕ್ಷಿಸಿದ ಒಂದು ಪ್ರಕರಣ

ಕಾಸರಗೋಡು ಜಿಲ್ಲೆಯಲ್ಲಿ ನಡೆದ ಒಂದು ಖರೀದಿಯ ವಿವರ ಇದು. ಕೊಂಡವರು, ಮಾರಿದವರು, ಕೆಲಸ ಮಾಡಿದವರು ಯಾರೆಂದು ತಿಳಿಯಬಾರದೆಂದು ಹೆಸರುಗಳನ್ನೂ ದೋಣಿಯ ಮಾದರಿಯನ್ನೂ ಬಿಟ್ಟಿದೆ. ಹಣದ ಅಂಕಿಗಳನ್ನು ದುಂಡಾಗಿಸಿದೆ.

ಹಿನ್ನೆಲೆ

ಕೊಳ್ಳಲು ಹೊರಟವರು ಕುಂಬಳೆ ಕಡೆಯ ಅಣ್ಣ-ತಮ್ಮ. ಅಳಿವೆಯ ಹತ್ತಿರ ಹೋಂಸ್ಟೇ ಇದೆ. ದೋಣಿ ಸದ್ಯಕ್ಕೆ ತಮ್ಮ ಬಳಕೆಗೆ, ಮುಂದೆ ನೋಂದಣಿ ಮತ್ತು ಪರವಾನಗಿ ಆದರೆ ಅತಿಥಿಗಳಿಗೆ ಎಂಬ ಯೋಚನೆ. ಮಾರಾಟಕ್ಕಿದ್ದದ್ದು 24 ಅಡಿಯ, ಸುಮಾರು 25 ವರ್ಷ ಹಳೆಯ ಗ್ಲಾಸ್‌ಫೈಬರ್ ಹಾಯಿದೋಣಿ. ಒಡಲು ಪೂರ್ತಿ ಗಟ್ಟಿ ಫೈಬರ್, ಡೆಕ್ಕಿನ ನಡುವೆ ಬಾಲ್ಸಾ ಮರ. ಅಡಿಯಲ್ಲಿ ಸುಮಾರು 600 ಕಿಲೋ ತೂಕದ ಎರಕದ ಕಬ್ಬಿಣದ ಕೀಲ್, ಅಂದರೆ ದೋಣಿ ಮಗುಚದಂತೆ ತಡೆಯುವ ಭಾರದ ರೆಕ್ಕೆ. ಅದನ್ನು ಒಡಲಿಗೆ ಹಿಡಿದಿರುವುದು ಏಳು ಬೋಲ್ಟುಗಳು. ಹಿಂದೆ ಔಟ್‌ಬೋರ್ಡ್ ಎಂಜಿನ್. ಎರಡು ವರ್ಷದಿಂದ ಚಂದ್ರಗಿರಿ ಹೊಳೆಯಲ್ಲೇ ಲಂಗರು ಹಾಕಿ ನಿಂತಿತ್ತು. ಕೇಳಿದ ಬೆಲೆ ಎಂಟೂವರೆ ಲಕ್ಷ.

ಮಂಜೇಶ್ವರದಿಂದ ಚೆರುವತ್ತೂರಿನ ತನಕ ಈ ಕರಾವಳಿಯಲ್ಲಿ ಫೈಬರ್ ದೋಣಿ ಹೊಸದಲ್ಲ. ಮೀನುಗಾರಿಕೆಯ ಊರುಗಳಲ್ಲಿ ರೆಸಿನ್ (ಗಟ್ಟಿಯಾಗುವ ಅಂಟುದ್ರವ), ಮ್ಯಾಟ್ (ಗಾಜಿನ ಎಳೆಗಳ ಹಾಸು) ಗೊತ್ತಿರುವ ಕೈಗಳಿವೆ. ಅಣ್ಣ-ತಮ್ಮ ಕೂಡ ಉಪ್ಪಳ ಕಡೆಯ ಅನುಭವಿ ಫೈಬರ್ ಕೆಲಸಗಾರರೊಬ್ಬರನ್ನು ಜೊತೆಗೆ ಕರೆದುಕೊಂಡಿದ್ದರು. ಆದರೆ ಮೀನಿಗೆ ಹೋಗುವ ಫೈಬರ್ ದೋಣಿಯನ್ನು ದಡಕ್ಕೆ ಎಳೆದು ಹಾಕುತ್ತಾರೆ, ಅದರ ತಳ ಆಗಾಗ ಒಣಗುತ್ತದೆ. ಅದಕ್ಕೆ ಕೀಲ್ ಇಲ್ಲ. ಹಾಯಿದೋಣಿ ವರ್ಷಗಟ್ಟಲೆ ನೀರಲ್ಲೇ ಇರುತ್ತದೆ, ಕ್ವಿಂಟಾಲುಗಟ್ಟಲೆ ಕಬ್ಬಿಣವನ್ನು ಅಡಿಯಲ್ಲಿ ತೂಗಿಕೊಂಡಿರುತ್ತದೆ. ಅದಕ್ಕೆ ಬರುವ ಎರಡು ಮುಖ್ಯ ರೋಗಗಳು, ಅಂದರೆ ಫೈಬರ್ ಒಳಗೆ ನೀರಿಳಿಯುವುದು ಮತ್ತು ಕೀಲ್ ಬುಡ ಸಡಿಲವಾಗುವುದು, ಮೀನುದೋಣಿಯಲ್ಲಿ ಪಳಗಿದ ಕಣ್ಣಿಗೆ ಅಭ್ಯಾಸವಿರುವುದಿಲ್ಲ. ಈ ಪ್ರಕರಣದ ತಿರುವುಗಳೆಲ್ಲ ಇಲ್ಲಿಂದಲೇ ಹುಟ್ಟಿದವು.

ಮೊದಲ ತೀರ್ಮಾನ: ಕಾಗದ

ದೋಣಿ ನೀರಲ್ಲಿ ಚೆಂದ ಕಾಣುತ್ತಿತ್ತು. ಮೇಲ್ಭಾಗಕ್ಕೆ ಹೊಸ ಬಣ್ಣ, ಪಾಲಿಶ್. ಎಂಟೂವರೆ ಲಕ್ಷಕ್ಕೆ ಇಂಥದ್ದು ಇನ್ನೊಂದು ಸಿಗಲಿಕ್ಕಿಲ್ಲ, ಮುಂಗಡ ಕೊಟ್ಟುಬಿಡುವ ಎಂದು ತಮ್ಮ. ಮೇಲೆತ್ತಿ ನೋಡದೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ ಎಂದು ಅಣ್ಣ. ಕೊನೆಗೆ ಹತ್ತು ಶೇಕಡಾ ಮುಂಗಡ ಕೊಟ್ಟು ಒಂದು ಪುಟದ ಕರಾರು ಬರೆದರು. ದೋಣಿ ಎತ್ತುವ, ಪರೀಕ್ಷಿಸುವ ಖರ್ಚು ಕೊಳ್ಳುವವರದು. ಆಂಟಿಫೌಲಿಂಗ್ ಬಣ್ಣ (ತಳಕ್ಕೆ ಪಾಚಿ, ಚಿಪ್ಪು ಹಿಡಿಯದಂತೆ ಹಚ್ಚುವುದು) ಕೆರೆಯಲು, ಕೆಲವು ಗುಳ್ಳೆ ಉಜ್ಜಲು, ಚುಕ್ಕಾಣಿಗೆ ಸಣ್ಣ ತೂತು ಕೊರೆಯಲು, ಒಳಗಿನ ಹಲಗೆಗಳನ್ನು ಬಿಚ್ಚಲು ಮಾರುವವರ ಒಪ್ಪಿಗೆ. ವ್ಯಾಪಾರ ಮುರಿದರೆ ಆ ತೂತು, ಕೆರೆತಗಳನ್ನು ಕೊಳ್ಳುವವರೇ ಸರಿಮಾಡಿ ಕೊಡಬೇಕು, ಮುಂಗಡ ಪೂರ್ತಿ ವಾಪಸು.

ಇದರಲ್ಲಿ 'ಹಲಗೆ ಬಿಚ್ಚಲು' ಎಂಬ ಒಂದು ಮಾತು ಮುಂದೆ ಇಡೀ ವ್ಯಾಪಾರವನ್ನು ತಿರುಗಿಸಿತು. ಬೇರೆಯವರ ದೋಣಿಯಲ್ಲಿ ಸ್ಕ್ರೂ ತಿರುಗಿಸುವ ಹಕ್ಕು ಯಾರಿಗೂ ತಾನಾಗಿ ಬರುವುದಿಲ್ಲ. ಮೊದಲೇ ಬರೆದಿಡದಿದ್ದರೆ, ಬೇಕಾದ ಹೊತ್ತಿಗೆ ಕೇಳಿದಾಗ 'ಬೇಡ' ಎಂಬ ಉತ್ತರ ಬರುತ್ತದೆ.

ನೀರಿನಲ್ಲಿದ್ದಾಗಲೇ ಕಂಡದ್ದು

ಬಿಲ್ಜಿನಲ್ಲಿ, ಅಂದರೆ ನೆಲದ ಹಲಗೆಯ ಕೆಳಗಿನ ಒಳತಳದಲ್ಲಿ, ಎರಡು ಬೆರಳು ನೀರಿತ್ತು. ಮಳೆನೀರು ಎಂದರು ಮಾರುವವರು. ಡೆಕ್ಕಿನಿಂದ ಇಳಿದ ಮಳೆನೀರಾದರೆ ಸಿಹಿ ಇರಬೇಕು. ಡಿಸೆಂಬರಿನಲ್ಲಿ ಉಬ್ಬರದ ಉಪ್ಪುನೀರು ಹೊಳೆಯೊಳಗೆ ಏರಿರುತ್ತದೆ, ಹಾಗಾಗಿ ಬಿಲ್ಜಿನ ನೀರು ಉಪ್ಪಾಗಿದ್ದರೆ ಅದು ಒಡಲಿನಿಂದಲೋ ವಾಲ್ವಿನಿಂದಲೋ ಬಂದದ್ದು. ನಾಲಗೆಗೆ ಒಂದು ಹನಿ ಮುಟ್ಟಿಸಿದರು: ಉಪ್ಪು. ಇದೇ ಪರೀಕ್ಷೆಯನ್ನು ಮಳೆಗಾಲದಲ್ಲಿ ಮಾಡಿದರೆ ಪ್ರಯೋಜನವಿಲ್ಲ, ಆಗ ಹೊಳೆಯೇ ಸಿಹಿನೀರು.

ಒಡಲಿಗೆ ಮೂರು ತೂತುಗಳಿದ್ದವು: ಸಿಂಕಿನದು, ಶೌಚದ್ದು, ಕಾಕ್‌ಪಿಟ್ಟಿನ ನೀರು ಹೋಗುವುದು. ಎರಡಕ್ಕೆ ಕಂಚಿನ ವಾಲ್ವ್. ಮೂರನೆಯದಕ್ಕೆ ಯಾರೋ ಬಚ್ಚಲುಮನೆಗೆ ಹಾಕುವ ಹಿತ್ತಾಳೆ ವಾಲ್ವ್ ಕೂರಿಸಿದ್ದರು. ಚೂರಿಯ ಮೊನೆಯಿಂದ ಗೀರಿದಾಗ ಹಿತ್ತಾಳೆಯ ಹಳದಿ ಬರಲಿಲ್ಲ, ತಾಮ್ರದ ಗುಲಾಬಿ ಬಣ್ಣ ಬಂತು. ಹಿತ್ತಾಳೆಯಲ್ಲಿರುವ ಸತುವನ್ನು ಉಪ್ಪುನೀರು ತಿಂದುಹಾಕಿದಾಗ ಹೀಗಾಗುತ್ತದೆ. ಉಳಿಯುವುದು ಸಣ್ಣ ಸಣ್ಣ ರಂಧ್ರಗಳ ಪೊಳ್ಳು ತಾಮ್ರ. ಕೈಯಲ್ಲಿ ಜೋರಾಗಿ ತಿರುಗಿಸಿದರೆ ಬುಡದಿಂದಲೇ ಮುರಿದು, ಹೆಬ್ಬೆರಳು ಗಾತ್ರದ ನೀರಿನ ಧಾರೆ ಒಳಗೆ ಬರಬಹುದು. ಹಾಗಾಗಿ ಅದನ್ನು ಮುಟ್ಟದೆ ಬಿಟ್ಟದ್ದು ಒಳ್ಳೆಯದಾಯಿತು. ಬೆಲೆ ಕಡಿಮೆ, ಅಪಾಯ ದೊಡ್ಡದು ಎಂಬ ಲೆಕ್ಕದಲ್ಲಿ ಮೊದಲು ನೋಡಬೇಕಾದ ಭಾಗ ಇದೇ.

ಬಿಲ್ಜಿನ ಉಪ್ಪುನೀರಿಗೆ ಕಾರಣ ಈ ವಾಲ್ವೇ ಎಂದು ಎಲ್ಲರೂ ನಂಬಿದರು. ಆ ನಂಬಿಕೆ ಅರ್ಧ ಮಾತ್ರ ನಿಜ ಎಂದು ಆಮೇಲೆ ತಿಳಿಯಿತು. ಇನ್ನೊಂದು ವಿಷಯವನ್ನು ಕೆಲಸಗಾರರು ಆಗಲೇ ಗಮನಿಸಿದ್ದರು. ಕ್ಯಾಬಿನ್ನಿನ ನೆಲದ ಹಲಗೆಗಳನ್ನು ಬೆರಳು ಹಾಕಿ ಎತ್ತುವಂತೆ ಮಾಡಿರುತ್ತಾರೆ. ಇಲ್ಲಿ ಹಿಂದಿನ ಹಲಗೆಯೊಂದಕ್ಕೆ ಮಾತ್ರ ಹೊಸ ಸ್ಟೀಲ್ ಸ್ಕ್ರೂಗಳಿದ್ದವು, ಸುತ್ತ ಸೀಲಂಟ್ ಹಚ್ಚಿತ್ತು.

ಕ್ರೇನಿನಲ್ಲಿ ತೂಗುವಾಗ

ಎತ್ತಲು ಹೈಡ್ರಾ ಕ್ರೇನ್, ಎರಡು ಅಗಲದ ಬೆಲ್ಟ್. ಎತ್ತಿದ ಕೂಡಲೇ ಮರದ ದಿಮ್ಮಿಗಳ ಮೇಲೆ ಕೂರಿಸುವುದು ವಾಡಿಕೆ, ಕ್ರೇನಿಗೆ ಗಂಟೆ ಲೆಕ್ಕದ ಬಾಡಿಗೆ ತಾನೆ. ಆದರೆ ಕೀಲ್ ಜೋಡಣೆಯನ್ನು ನೋಡಲು ಅತ್ಯುತ್ತಮ ಹೊತ್ತು ದೋಣಿ ಬೆಲ್ಟಿನಲ್ಲಿ ತೂಗುತ್ತಿರುವ ಆ ಹತ್ತು ನಿಮಿಷ. ಆಗ ಕೀಲಿನ ಪೂರ್ತಿ ತೂಕ ಬೋಲ್ಟುಗಳ ಮೇಲೆ ಜಗ್ಗುತ್ತದೆ, ಸಂದಿ ಇದ್ದರೆ ತೆರೆದುಕೊಳ್ಳುತ್ತದೆ. ದಿಮ್ಮಿಯ ಮೇಲೆ ಕೂತರೆ ಒಡಲಿನ ತೂಕ ಕೀಲಿನ ಮೇಲೆ ಬಿದ್ದು ಅದೇ ಸಂದಿ ಮುಚ್ಚಿಹೋಗುತ್ತದೆ. ಕೀಲ್ ನೆಲದಿಂದ ಒಂದು ಗೇಣು ಮೇಲಿರುವಂತೆ ನಿಲ್ಲಿಸಿ, ಪಕ್ಕದಲ್ಲಿ ನಿಂತು ನೋಡಬೇಕು. ತೂಗುವ ದೋಣಿಯ ಅಡಿಗೆ ಯಾರೂ ಹೋಗಬಾರದು.

ಕೀಲಿನ ಮುಂತುದಿಯಲ್ಲಿ ಒಡಲಿಗೂ ಕಬ್ಬಿಣಕ್ಕೂ ನಡುವೆ ಗೆರೆಯೊಂದು ಬಾಯಿಬಿಟ್ಟಿತ್ತು. ಹ್ಯಾಕ್ಸಾ ಬ್ಲೇಡಿನ ಅಂಚು ಅರ್ಧ ಇಂಚಿನಷ್ಟು ಒಳಗೆ ಹೋಯಿತು. ದೋಣಿಯನ್ನು ದಿಮ್ಮಿಯ ಮೇಲೆ ಇಳಿಸಿದಾಗ ಅದೇ ಗೆರೆ ಮುಚ್ಚಿಕೊಂಡು, ಅಲ್ಲಿಂದ ತುಕ್ಕಿನ ಬಣ್ಣದ ನೀರು ಜಿನುಗಿತು. ಹಳೆ ದೋಣಿಗಳಲ್ಲಿ ಸೀಲಂಟ್ ಒಣಗಿ ಕೂದಲೆಳೆಯ ಗೆರೆ ಕಾಣುವುದು ಸಾಮಾನ್ಯ. ತೂಕ ಬದಲಾದಾಗ ತೆರೆದು ಮುಚ್ಚುವ ಗೆರೆ ಸಾಮಾನ್ಯವಲ್ಲ.

ಕೆಲಸಗಾರರ ಕಿಸೆಯಲ್ಲಿ ಒಂದು ಅಯಸ್ಕಾಂತವಿತ್ತು. ಅದನ್ನು ಕೀಲಿನ ಮುಂಭಾಗದ ಅಂಚಿನ ಮೇಲೆ ಮೇಲಿನಿಂದ ಕೆಳಗೆ ಜಾರಿಸುತ್ತಾ ಬಂದರು. ಕಬ್ಬಿಣದ ಮೇಲೆ ಬಣ್ಣವಿದ್ದರೂ ಅದು ಗಟ್ಟಿಯಾಗಿ ಹಿಡಿಯುತ್ತಿತ್ತು. ಕೆಳಮೂಲೆಗೆ ಬಂದಾಗ, ಅಂಗೈಯಗಲದ ಜಾಗದಲ್ಲಿ ಹಿಡಿತ ತಪ್ಪಿ ಕೈಗೇ ಬಿದ್ದುಬಿಟ್ಟಿತು. ಅಲ್ಲಿ ಕಬ್ಬಿಣದ ಬದಲು ಫಿಲ್ಲರ್ ತುಂಬಿತ್ತು. ಕೆರೆದಾಗ ಎರಕದ ಕಬ್ಬಿಣದ ಮೂಲೆ ಹಾರಿಹೋಗಿರುವುದು ಕಂಡಿತು.

"ಅಳಿವೆಯ ಮರಳಿಗೆ ಒಮ್ಮೆ ಸಣ್ಣಕೆ ತಾಗಿತ್ತು ಮಾರಾಯ್ರೆ, ಅಷ್ಟೆ," ಎಂದರು ಮಾರುವವರು.

"ಮರಳಿಗೆ ತಾಗಿದರೆ ಬಣ್ಣ ಹೋಗುತ್ತದೆ ಅಣ್ಣ, ಕಬ್ಬಿಣ ಹೋಗುವುದಿಲ್ಲ. ಇದು ಕಲ್ಲು," ಎಂದರು ಕೆಲಸಗಾರರು.

ಕೀಲಿನ ಕೆಳಮೂಲೆ ಕಲ್ಲಿಗೆ ಬಡಿದರೆ ಪೆಟ್ಟು ಅಲ್ಲಿಗೇ ಮುಗಿಯುವುದಿಲ್ಲ. ಕೀಲ್ ಒಂದು ಸನ್ನೆಕೋಲಾಗಿ ತಿರುಗುತ್ತದೆ. ಅದರ ಮುಂತುದಿ ಒಡಲಿನಿಂದ ಕೆಳಗೆ ಜಗ್ಗುತ್ತದೆ, ಹಿಂತುದಿ ಮೇಲಕ್ಕೆ ಒಡಲೊಳಗೆ ಒತ್ತುತ್ತದೆ. ಆದ್ದರಿಂದ ಕೆಳಗೆ ಮುಂದೆ ಪೆಟ್ಟು ಕಂಡರೆ ಹುಡುಕಬೇಕಾದ ಬಿರುಕು ಮೇಲೆ ಹಿಂದೆ ಇರುತ್ತದೆ. ಕೀಲಿನ ಹಿಂತುದಿಯ ಬಳಿ ಆಂಟಿಫೌಲಿಂಗ್ ಕೆರೆದು, ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಿದರು. ಮೇಲ್ಮೈಯ ಸ್ಪಿರಿಟ್ ಕ್ಷಣದಲ್ಲಿ ಆರಿತು. ಅಡ್ಡಕ್ಕೆ, ಒಂದು ಗೇಣು ಉದ್ದಕ್ಕೆ, ಕಪ್ಪು ಗೆರೆಯೊಂದು ಮಾತ್ರ ಆರದೆ ಉಳಿಯಿತು. ಬಿರುಕಿನೊಳಗೆ ಇಳಿದ ಸ್ಪಿರಿಟ್ ಅದು.

ತೇವ, ಗುಳ್ಳೆ ಮತ್ತು ಹೆದರಿಕೆ

ಇಷ್ಟಾದರೂ ಅಣ್ಣ-ತಮ್ಮಂದಿರು ಹೆಚ್ಚು ಹೆದರಿದ್ದು ಬಿರುಕಿಗಲ್ಲ. ಕೊಚ್ಚಿ ಕಡೆಯಿಂದ ಕರೆಸಿದ ದೋಣಿ ಪರೀಕ್ಷಿಸುವ ಸರ್ವೇಯರ್ ತೇವಮಾಪಕ ಇಟ್ಟಾಗ ಬಂದ ಅಂಕಿಗಳಿಗೆ. ನೂರರ ಸ್ಕೇಲಿನಲ್ಲಿ ನೀರಗೆರೆಯ ಮೇಲೆ 35ರಿಂದ 40, ಕೆಳಗೆ 80ರಿಂದ 90. ದೋಣಿ ಪೂರ್ತಿ ನೀರು ಕುಡಿದಿದೆ, ಬಿಟ್ಟುಬಿಡುವ ಎಂದು ಈಗ ತಮ್ಮನೇ ಹೇಳತೊಡಗಿದ.

ಈ ಅಂಕಿ ತೇವಾಂಶದ ಶೇಕಡಾವಾರು ಅಲ್ಲ, ಒಂದು ಜಾಗಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಹೇಳುವ ಅಂಕಿ. ಆಗತಾನೇ ನೀರಿನಿಂದೆತ್ತಿದ ಯಾವ ದೋಣಿಯಾದರೂ ಹೆಚ್ಚು ತೋರಿಸುತ್ತದೆ. ಮೈಮೇಲೆ ಉಪ್ಪು ಉಳಿದರೆ ಅದು ಗಾಳಿಯ ತೇವ ಎಳೆದು ಅಂಕಿ ಏರಿಸುತ್ತದೆ. ತಾಮ್ರವಿರುವ ಆಂಟಿಫೌಲಿಂಗ್ ಮೇಲೆ ಇಟ್ಟರೆ ತೇವ ಅಳೆದಂತಾಗುವುದಿಲ್ಲ. ಒಳಗೆ ನೀರಿನ ಟ್ಯಾಂಕ್ ತುಂಬಿದ್ದರೂ, ಬಿಲ್ಜ್ ಒದ್ದೆಯಿದ್ದರೂ, ಹಿಂದೆ ಲೋಹದ ತಗಡಿದ್ದರೂ ಮಾಪಕ ಅದನ್ನು ತೇವ ಎಂದೇ ಓದುತ್ತದೆ. ಅಂದು ಈ ಎಲ್ಲ ತೊಂದರೆಗಳೂ ಒಟ್ಟಿಗೆ ಇದ್ದವು.

ಸರ್ವೇಯರ್ ಹೇಳಿದ ಕ್ರಮದಂತೆ ಒಡಲನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದರು. ದಡದ ಬಾವಿಯ ನೀರು ಸವಳಾದ್ದರಿಂದ ಟ್ಯಾಂಕರಿನಲ್ಲಿ ತರಿಸಬೇಕಾಯಿತು. ಟ್ಯಾಂಕ್ ಮತ್ತು ಬಿಲ್ಜ್ ಖಾಲಿ ಮಾಡಿ ಒರೆಸಿದರು. ನೀರಗೆರೆಯ ಕೆಳಗೆ ಎರಡೂ ಬದಿ, ಒಂದೊಂದು ಮೀಟರ್ ಅಂತರದಲ್ಲಿ, ಅಂಗೈಯಗಲ ಬಣ್ಣ ಕೆರೆದು ಜೆಲ್‌ಕೋಟ್ (ಫೈಬರಿನ ಹೊರಮೈಯ ನುಣುಪಾದ ರೆಸಿನ್ ಪದರ) ಕಾಣುವಂತೆ ಮಾಡಿ, ಪಕ್ಕದಲ್ಲಿ ನಂಬರ್ ಬರೆದರು. ಐದು ದಿನ ಬಿಟ್ಟರು. ಬೆಳಗ್ಗಿನ ಇಬ್ಬನಿ ಆರಿದ ಮೇಲೆ, ಹನ್ನೊಂದು ಗಂಟೆಯ ಬಳಿಕವೇ ಅಳತೆ.

ಐದನೇ ದಿನ ಮೇಲ್ಭಾಗ 12ರಿಂದ 15ಕ್ಕೆ ಇಳಿದಿತ್ತು. ಕೆಳಭಾಗದ ಹೆಚ್ಚಿನ ಜಾಗ 45ರ ಸುಮಾರಿಗೆ. ಎರಡು ಕಡೆ ಮಾತ್ರ 85ರಿಂದ ಕದಲಲಿಲ್ಲ: ಹಿತ್ತಾಳೆ ವಾಲ್ವಿನ ಸುತ್ತ, ಮತ್ತು ಕೀಲಿನ ಹಿಂತುದಿಯ ಸುತ್ತ. ಮಾಪಕದ ಬೆಲೆ ಇರುವುದು ಇಲ್ಲಿ. ಇಡೀ ದೋಣಿ ಒಣಗುತ್ತಿರುವಾಗ ಒಣಗದೆ ಉಳಿಯುವ ಜಾಗವನ್ನು ಅದು ಬೆರಳಿಟ್ಟು ತೋರಿಸುತ್ತದೆ. ಮೊದಲ ದಿನದ ಅಂಕಿ ನೋಡಿ ಎದ್ದು ಹೋಗಿದ್ದರೆ, ಅಥವಾ ಅದನ್ನೇ ಹಿಡಿದು ಚೌಕಾಸಿಗೆ ಕೂತಿದ್ದರೆ, ತಪ್ಪು ಕಾರಣಕ್ಕೆ ತಪ್ಪು ತೀರ್ಮಾನವಾಗುತ್ತಿತ್ತು.

ಗುಳ್ಳೆಗಳೂ ಇದ್ದವು, ಎರಡೂ ಬದಿ ಸೇರಿ ಅರವತ್ತರಷ್ಟು, ಒಂದೊಂದು ಅರ್ಧದಿಂದ ಒಂದು ಸೆಂಟಿಮೀಟರ್ ಅಗಲ. ಎಲ್ಲ ಗುಳ್ಳೆಯೂ ಒಂದೇ ಅಲ್ಲ. ಬಣ್ಣದ ಪದರಗಳ ನಡುವೆ ಎದ್ದ ಗುಳ್ಳೆಯನ್ನು ಕೆರೆದರೆ ಕೆಳಗೆ ನುಣ್ಣನೆಯ ಜೆಲ್‌ಕೋಟ್ ಕಾಣುತ್ತದೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಜೆಲ್‌ಕೋಟಿನ ಕೆಳಗೆ ಎದ್ದದ್ದು ಬೇರೆ: ವರ್ಷಗಟ್ಟಲೆ ನೀರು ನಿಧಾನವಾಗಿ ಒಳಗಿಳಿದು ಪಾಲಿಯೆಸ್ಟರ್ ರೆಸಿನ್ನನ್ನು ಒಡೆದು, ಹುಳಿ ದ್ರವವಾಗಿ, ಇನ್ನಷ್ಟು ನೀರನ್ನು ಎಳೆದುಕೊಂಡು ಉಬ್ಬಿದ್ದು. ಅದನ್ನು ಚುಚ್ಚುವಾಗ ಕನ್ನಡಕ ಹಾಕಲೇಬೇಕು, ಒತ್ತಡದಲ್ಲಿರುವ ದ್ರವ ಕಣ್ಣಿಗೆ ಚಿಮ್ಮುತ್ತದೆ. ಇಲ್ಲಿ ಚುಚ್ಚಿದಾಗ ವಿನೆಗರ್ ವಾಸನೆ ಬಂತು, ಬೆರಳಿಗೆ ಅಂಟಂಟಾಯಿತು, ನೀಲಿ ಲಿಟ್ಮಸ್ ಕಾಗದ ಕೆಂಪಾಯಿತು. ಇದು ಆಸ್ಮೋಸಿಸ್, ಅಂದರೆ ಹೀಗೆ ನೀರಿಳಿದು ಗುಳ್ಳೆ ಏಳುವ ರೋಗ, ಎನ್ನುವುದರಲ್ಲಿ ಅನುಮಾನ ಉಳಿಯಲಿಲ್ಲ.

ಉಳಿದ ಪ್ರಶ್ನೆ, ಎಷ್ಟು ಆಳ? ಬೇರೆ ಬೇರೆ ಜಾಗದ ಮೂರು ಗುಳ್ಳೆಗಳನ್ನು ಸಣ್ಣ ಡಿಸ್ಕಿನಲ್ಲಿ ಉಜ್ಜಿದರು. ಜೆಲ್‌ಕೋಟ್, ಅದರ ಹಿಂದಿನ ಮೊದಲ ಮ್ಯಾಟ್ ಪದರ, ಅಲ್ಲಿಗೆ ಗುಳ್ಳೆ ಮುಗಿದು ಗಟ್ಟಿ ಫೈಬರ್ ಸಿಕ್ಕಿತು. ಸುತ್ತಲೂ ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ತಟ್ಟುತ್ತಾ ಹೋದರು. ಹಲಸಿನ ಹಣ್ಣು ತಟ್ಟಿ ಹದ ತಿಳಿಯುವವರಿಗೆ ಈ ಕೆಲಸ ಬೇಗ ಕೈಗೆ ಬರುತ್ತದೆ. ಗಟ್ಟಿ ಫೈಬರ್ ಟಣ್ ಎನ್ನುತ್ತದೆ, ಪದರ ಬಿಟ್ಟದ್ದು ಬದ್ ಎನ್ನುತ್ತದೆ. ಒಳಗೆ ಅಡ್ಡಗೋಡೆ ಅಂಟಿರುವಲ್ಲೂ ಸದ್ದು ಮಂದವಾಗುತ್ತದೆ, ಆದ್ದರಿಂದ ಒಳಗೆ ಏನೇನು ಎಲ್ಲೆಲ್ಲಿದೆ ಎಂಬ ನಕ್ಷೆ ಕೈಯಲ್ಲಿರಬೇಕು. ಗುಳ್ಳೆಗಳಿರುವ ಕಡೆ ಎಲ್ಲೂ ಪದರ ಬಿಟ್ಟಿರಲಿಲ್ಲ. ಮಂದವಾಗಿ ಕೇಳಿದ್ದು ಒಂದೇ ಜಾಗ, ಕೀಲಿನ ಹಿಂತುದಿ. ಅಲ್ಲಿ ಒಳಗೆ ಯಾವ ಅಡ್ಡಗೋಡೆಯೂ ಇರಲಿಲ್ಲ.

25 ವರ್ಷದ ಪಾಲಿಯೆಸ್ಟರ್ ಒಡಲಿನಲ್ಲಿ ಇಷ್ಟು ಗುಳ್ಳೆ ಇರುವುದು ವಯಸ್ಸಿನ ಲಕ್ಷಣ. ಅದರಿಂದ ದೋಣಿ ಮುಳುಗುವುದಿಲ್ಲ. ಕಣ್ಣಿಗೆ ಕಾಣುವುದು ಅದೇ ಆದ್ದರಿಂದ ಹೆದರಿಕೆ ಅಲ್ಲಿಗೆ ಓಡುತ್ತದೆ.

ಹಲಗೆಯ ಕೆಳಗೆ

ಸ್ಪಿರಿಟಿನ ಗೆರೆ, ಒಣಗದ ತೇವ, ಮಂದ ಸದ್ದು, ಮೂರೂ ಒಂದೇ ಜಾಗಕ್ಕೆ ಬಂದು ನಿಂತಿದ್ದವು. ಅದರ ನೇರ ಮೇಲೆ, ಒಳಗಡೆ, ಇದ್ದದ್ದು ಹೊಸ ಸ್ಕ್ರೂ ಹಾಕಿದ ಆ ಹಲಗೆ.

ಮಾರುವವರಿಗೆ ಅದನ್ನು ಬಿಚ್ಚಿಸಲು ಮನಸ್ಸಿರಲಿಲ್ಲ. ಹಲಗೆ ಅಲುಗುತ್ತಿತ್ತು, ಅದಕ್ಕೇ ಸ್ಕ್ರೂ ಹಾಕಿಸಿದ್ದು ಎಂದರು. ಅಣ್ಣ ಕರಾರಿನ ಆ ಸಾಲನ್ನು ಮೆಲ್ಲನೆ ಓದಿ ಹೇಳಿದ. ಜಗಳ ಆಗಲಿಲ್ಲ. ಹಲಗೆ ಎದ್ದಿತು.

ಕೆಳಗೆ ಬಿಲ್ಜ್ ಬಣ್ಣ ಎಲ್ಲೆಡೆ ಹಳದಿ ತಿರುಗಿ ಕೊಳೆಯಾಗಿತ್ತು, ಹಿಂದಿನ ಎರಡು ಅಡ್ಡತೊಲೆಗಳ ಸುತ್ತ ಮಾತ್ರ ಬೆಳ್ಳಗೆ ಹೊಸತು. ಕೀಲಿನ ಭಾರವನ್ನು ಒಡಲಿಗೆ ಹಂಚುವುದು ಈ ತೊಲೆಗಳು. ಅವನ್ನು ಒಡಲಿಗೆ ಹಿಡಿಸಿದ ಫೈಬರ್ ಪಟ್ಟಿ ಉದ್ದಕ್ಕೂ ಬಿಟ್ಟುಕೊಂಡಿತ್ತು. ಮೇಲೆ ಬಳಿದ ಬಣ್ಣದಲ್ಲೂ ಆಗಲೇ ಬಿರುಕು ಮೂಡಿತ್ತು, ಅಂದರೆ ಬಣ್ಣ ಬಳಿದ ಮೇಲೂ ಅಲುಗಾಟ ನಿಂತಿರಲಿಲ್ಲ. ಹಿಂದಿನ ಎರಡು ಬೋಲ್ಟುಗಳ ನಟ್ಟಿನ ಸುತ್ತ ತುಕ್ಕಿನ ಉಂಗುರ. ಬಿಲ್ಜಿನ ಉಪ್ಪುನೀರಿನ ಉಳಿದರ್ಧ ಬರುತ್ತಿದ್ದದ್ದು ಇಲ್ಲಿಂದ.

ಚುಕ್ಕಾಣಿಯ ತಳದಲ್ಲಿ 5 ಮಿ.ಮೀ. ತೂತು ಕೊರೆದಾಗ ಕಂದು ನೀರು ತೊಟ್ಟಿಕ್ಕಿತು. ಚುಕ್ಕಾಣಿಯೊಳಗೆ ಸ್ವಲ್ಪ ನೀರು ಇರುವುದು ಹಳೆ ದೋಣಿಗಳಲ್ಲಿ ಸಾಧಾರಣ. ನೀರು ಕಂದಾಗಿದ್ದರೆ ಒಳಗಿನ ಸ್ಟೀಲ್ ಪಟ್ಟಿಗಳು ತುಕ್ಕು ಹಿಡಿಯುತ್ತಿವೆ ಎಂದು ಅರ್ಥ.

ಬೆಲೆ

ಬೋಲ್ಟ್, ತೊಲೆ, ಬಿರುಕು, ವಾಲ್ವ್, ಚುಕ್ಕಾಣಿ ಸೇರಿ ಅಂದಾಜು 1.7 ಲಕ್ಷ. ಆಸ್ಮೋಸಿಸ್ ಚಿಕಿತ್ಸೆಗೆ ಬೇರೆ 1.2 ಲಕ್ಷ. ಎರಡನ್ನೂ ಕಳೆಯಬೇಕೆಂದು ತಮ್ಮನ ಪಟ್ಟು. ಆಸ್ಮೋಸಿಸ್ ಆ ವಯಸ್ಸಿನ ದೋಣಿಯ ಬೆಲೆಯಲ್ಲಿ ಆಗಲೇ ಸೇರಿರುತ್ತದೆ, ಅದನ್ನು ಪೂರ್ತಿ ಕಳೆಯಲು ಹೊರಟರೆ ಮಾರುವವರು ಎದ್ದು ಹೋಗುತ್ತಾರೆ ಎಂದು ಸರ್ವೇಯರ್ ಹೇಳಿದರು, ಅದು ನ್ಯಾಯವಾದ ಮಾತು. ಬಚ್ಚಿಟ್ಟ ಪೆಟ್ಟಿನ ಖರ್ಚು ಮಾತ್ರ ಪೂರ್ತಿ ಮಾರುವವರ ಲೆಕ್ಕಕ್ಕೆ ಬರಬೇಕಾದದ್ದು. 6.4 ಲಕ್ಷಕ್ಕೆ ಮುಗಿಯಿತು. ಕ್ರೇನ್, ಸರ್ವೇಯರ್, ಟ್ಯಾಂಕರ್ ಸೇರಿ ಪರೀಕ್ಷೆಗೆ ಆದ ಖರ್ಚು 40,000ದ ಒಳಗೆ.

ರಿಪೇರಿ

ಕೆಲಸ ಜನವರಿಯಲ್ಲೇ ಶುರುಮಾಡಿದ್ದು ಸರಿಯಾಯಿತು. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ತನಕ 52 ದಿನ ಟ್ರಾಲಿಂಗ್ ನಿಷೇಧ, ಬೋಟುಗಳ ರಿಪೇರಿಗೆ ಅದೇ ಕಾಲ. ಆಗ ಫೈಬರ್ ಕೆಲಸದವರು ಸಿಗುವುದು ಕಷ್ಟ, ಸಿಕ್ಕರೂ ಆ ಮಳೆಗೆ ತೇವ ಹಿಡಿದ ಒಡಲು ಒಣಗುವುದಿಲ್ಲ.

ಕೀಲ್ ಇಳಿಸಿದಾಗ ಹಿಂದಿನ ಎರಡು ಬೋಲ್ಟುಗಳು ಜೋಡಣೆಯ ಗೆರೆಯಲ್ಲೇ ತೆಳ್ಳಗಾಗಿದ್ದವು. ಸುತ್ತ ತುಕ್ಕಿನ ಉಂಗುರವಿದ್ದರೂ ಮೇಲಿನ ನಟ್ಟೂ ಎಳೆಯೂ ಹೊಳೆಯುತ್ತಿದ್ದವು. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದೆ ಇರುವುದು ಗಾಳಿ ಸಿಗುತ್ತಿರುವಷ್ಟು ಕಾಲ ಮಾತ್ರ. ಆಮ್ಲಜನಕವಿಲ್ಲದ ಒದ್ದೆ ಸಂದಿಯಲ್ಲಿ ಅದು ಒಳಗೊಳಗೇ ಕೊರೆದುಹೋಗುತ್ತದೆ, ಮೇಲಿನಿಂದ ನೋಡಿ ಹೇಳಲು ಸಾಧ್ಯವೇ ಇಲ್ಲ. ಏಳನ್ನೂ 316 ದರ್ಜೆಯ ಹೊಸ ಬೋಲ್ಟುಗಳಿಗೆ ಬದಲಿಸಿದರು.

ತೊಲೆಗಳ ಕೆಲಸದಲ್ಲಿ ಒಂದು ಕಡೆ ಎಡವುವ ಸಂಭವವಿತ್ತು. ಹಳೆ ಗಟ್ಟಿ ಫೈಬರಿಗೆ ಪಾಲಿಯೆಸ್ಟರ್ ರೆಸಿನ್ನಿಗಿಂತ ಇಪಾಕ್ಸಿ ರೆಸಿನ್ ಚೆನ್ನಾಗಿ ಅಂಟುತ್ತದೆ, ಆದ್ದರಿಂದ ಇಪಾಕ್ಸಿ ಎಂದು ನಿರ್ಧಾರವಾಗಿತ್ತು. ಕೆಲಸಗಾರರ ಬಳಿ ಇದ್ದದ್ದು ಮೀನುದೋಣಿಗೆ ಹಾಕುವ, ಚದರ ಮೀಟರಿಗೆ 450 ಗ್ರಾಮಿನ ಮ್ಯಾಟ್. ಅದರ ಎಳೆಗಳನ್ನು ಹಿಡಿದಿಡುವ ಅಂಟು ಕರಗುವುದು ಪಾಲಿಯೆಸ್ಟರಿನ ಸ್ಟೈರೀನಿಗೆ, ಇಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ. ಮ್ಯಾಟ್ ನೆನೆಯದೆ ಬೆಳ್ಳಗೆ ಉಳಿಯುತ್ತದೆ. ತುಂಡೊಂದರ ಮೇಲೆ ಮೊದಲು ಪ್ರಯೋಗ ಮಾಡಿದ್ದರಿಂದ ಇದು ಹೊರಗೇ ಗೊತ್ತಾಯಿತು. ಹೊಲಿದ ಬೈಆಕ್ಸಿಯಲ್ (ಎರಡು ದಿಕ್ಕಿನ ಎಳೆಗಳ) ಗಾಜಿನ ಬಟ್ಟೆ ತರಿಸಿದರು. ಬಿಸಿಲು ಹೆಚ್ಚಾದರೆ ಹಾರ್ಡನರ್ (ರೆಸಿನ್ನನ್ನು ಗಟ್ಟಿಯಾಗಿಸುವ ದ್ರವ) ಕಡಿಮೆ ಹಾಕುವ ರೂಢಿಯನ್ನೂ ಬಿಡಬೇಕಾಯಿತು. ಪಾಲಿಯೆಸ್ಟರಿಗೆ ನೂರಕ್ಕೆ ಒಂದರಿಂದ ಎರಡರ ನಡುವೆ ಹೆಚ್ಚುಕಡಿಮೆ ಮಾಡಬಹುದು. ಇಪಾಕ್ಸಿಗೆ ಡಬ್ಬದ ಮೇಲಿನ ಅನುಪಾತವೇ ಕಟ್ಟುನಿಟ್ಟು, ಕಡಿಮೆಯಾದರೆ ಅದು ಎಂದೂ ಪೂರ್ತಿ ಗಟ್ಟಿಯಾಗುವುದಿಲ್ಲ. ಬಿಸಿಲಿಗೆ ಉಪಾಯ ನಿಧಾನದ ಹಾರ್ಡನರ್ ಮತ್ತು ಬೆಳಗ್ಗಿನ ಹೊತ್ತು.

ಬಿರುಕನ್ನು ಉಜ್ಜಿ ತೆಗೆದಾಗ 5 ಮಿ.ಮೀ. ಆಳವಿತ್ತು. ಅಂಚನ್ನು ಒಂದಕ್ಕೆ ಹನ್ನೆರಡರಂತೆ, ಅಂದರೆ ಪ್ರತಿ ಬದಿಗೆ 60 ಮಿ.ಮೀ. ಇಳಿಜಾರು ಮಾಡಿ ಪದರ ಪದರವಾಗಿ ಕಟ್ಟಿದರು. ಚುಕ್ಕಾಣಿ ಸೀಳಿದಾಗ ಒಳಪಟ್ಟಿ ಪೂರ್ತಿ ಹೋಗಿತ್ತು, ಹೊಸತೇ ಮಾಡಿಸಬೇಕಾಯಿತು. ಒಟ್ಟು ಖರ್ಚು ಅಂದಾಜು ಮೀರಿ 2.05 ಲಕ್ಷಕ್ಕೆ ಹೋಯಿತು.

ಇದೇ ಕೆಲಸ ಮತ್ತೆ ಮಾಡುವವರಿಗೆ

ಕೀಲ್ ಇರುವ ಹಳೆ ದೋಣಿಯಾದರೆ ಗುಳ್ಳೆ ಎಣಿಸುವ ಮೊದಲು ಅಯಸ್ಕಾಂತ, ಬೆಲ್ಟಿನಲ್ಲಿ ತೂಗಿದ ಹತ್ತು ನಿಮಿಷ, ಕೀಲಿನ ಹಿಂತುದಿ, ಅದರ ಮೇಲಿನ ಹಲಗೆ, ಈ ಕ್ರಮದಲ್ಲಿ ಹೋಗಬೇಕು. ಇಲ್ಲಿ ತೇವದ ಅಂಕಿಯ ಗಲಾಟೆಯಲ್ಲಿ ಹಲಗೆಯ ಸರದಿ ಕೊನೆಗೆ ಬಂತು. ಕರಾರು ಇಲ್ಲದಿದ್ದರೆ ಬರುತ್ತಲೇ ಇರಲಿಲ್ಲ. ಕೀಲ್ ಇಳಿಸದೆ ಬೋಲ್ಟಿನ ಸ್ಥಿತಿ ತಿಳಿಯುವುದಿಲ್ಲವಾದ್ದರಿಂದ, ಬಡಿದ ಗುರುತು ಸಿಕ್ಕ ದೋಣಿಗೆ ಕೀಲ್ ಇಳಿಸುವ ಖರ್ಚನ್ನು ಚೌಕಾಸಿಯಲ್ಲೇ ಸೇರಿಸಬೇಕು. ಚುಕ್ಕಾಣಿಯಿಂದ ಕಂದು ನೀರು ಬಂದರೆ ರಿಪೇರಿಯ ಬದಲು ಹೊಸ ಚುಕ್ಕಾಣಿಯ ಬೆಲೆಯನ್ನೇ ಅಂದಾಜಿಗೆ ಹಿಡಿಯುವುದು ಕ್ಷೇಮ.

ಆಸ್ಮೋಸಿಸ್ ಚಿಕಿತ್ಸೆಯನ್ನು ಈ ದೋಣಿಗೆ ಇನ್ನೂ ಮಾಡಿಲ್ಲ. ಜೆಲ್‌ಕೋಟ್ ಸುಲಿದು, ಸಿಹಿನೀರಿನಲ್ಲಿ ಮತ್ತೆ ಮತ್ತೆ ತೊಳೆದು, ತಿಂಗಳುಗಟ್ಟಲೆ ಒಣಗಿಸಿ, ಒಟ್ಟು 250ರಿಂದ 300 ಮೈಕ್ರಾನ್ ದಪ್ಪಕ್ಕೆ ಇಪಾಕ್ಸಿ ಬಳಿಯುವ ಕೆಲಸ ಅದು. ಈ ಕರಾವಳಿಯಲ್ಲಿ ಅದಕ್ಕೆ ಡಿಸೆಂಬರಿನಿಂದ ಏಪ್ರಿಲ್ ತನಕದ ಒಣ ಹವೆ ಪೂರ್ತಿ ಬೇಕು. ಉಜ್ಜಿದ ಮೂರು ಗುಳ್ಳೆಗಳನ್ನು ಮುಚ್ಚಿ, ಉಳಿದವನ್ನು ಹಾಗೆಯೇ ಬಿಟ್ಟು, ನಂಬರ್ ಹಾಕಿದ ಜಾಗಗಳ ನಕ್ಷೆ ಇಟ್ಟುಕೊಂಡಿದ್ದಾರೆ. ರಿಪೇರಿಯಾದ ಮೇಲಿನ ಡಿಸೆಂಬರಿನಲ್ಲಿ ಎತ್ತಿ, ತೊಳೆದು, ಐದು ದಿನ ಬಿಟ್ಟು ಅಳೆದಾಗ ಕೀಲಿನ ಹಿಂತುದಿ 40ಕ್ಕೆ ಬಂದಿತ್ತು, ಸುತ್ತಲಿನ ಒಡಲಿಗೆ ಸಮ. ಬೆಲ್ಟಿನಲ್ಲಿ ತೂಗಿದಾಗ ಬ್ಲೇಡ್ ಎಲ್ಲೂ ಒಳಗೆ ಹೋಗಲಿಲ್ಲ. ಗುಳ್ಳೆಗಳ ಸಂಖ್ಯೆಯಲ್ಲಿ ಹೆಚ್ಚು ಬದಲಾವಣೆ ಇಲ್ಲ. ಎರಡನೇ ಮ್ಯಾಟ್ ಪದರದವರೆಗೆ ಇಳಿದ ಗುಳ್ಳೆ ಕಂಡ ವರ್ಷ ಜೆಲ್‌ಕೋಟ್ ಸುಲಿಯುವುದು ಎಂದು ಅಣ್ಣ-ತಮ್ಮ ಮತ್ತು ಕೆಲಸಗಾರರು ಸೇರಿ ನಿರ್ಧರಿಸಿದ್ದಾರೆ.